ಶಿಂಗಲ್ಸ್ ಛಾವಣಿಯ ಮೊಳೆ ಸರಿಯಾಗಿ ಕೂತಿದೆಯಾ ಅಂತ ಕಿತ್ತು ನೋಡದೇ ತಿಳಿಯುವುದು ಹೇಗೆ?

ಕೆಲಗೇರಿ ದಂಡೆ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಅಪ್ಪ ಅಮ್ಮ ಇರುವ ಮನೆಯ ಮೇಲಂತಸ್ತಿಗೆ ಹೋದ ವರ್ಷ ಬೇಸಿಗೆ ಶುರುವಾದಾಗ ಇಳಿಜಾರು ಛಾವಣಿ ಮಾಡಿಸಿದೆವು. ಕಬ್ಬಿಣದ ಚೌಕಟ್ಟು, ಅದರ ಮೇಲೆ 18 ಎಂಎಂ ಪ್ಲೈವುಡ್, ಅದರ ಮೇಲೆ ಡಾಂಬರಿನ ಶಿಂಗಲ್ಸ್, ಅಂದರೆ ಕಲ್ಲಿನ ಕಣ ಮೆತ್ತಿದ ತೆಳು ಹಾಳೆಗಳು. ಮೊನ್ನೆ ಅಡ್ಡಮಳೆಗೂ ಮೊದಲು ಬೀಸಿದ ಗಾಳಿಗೆ ಪಶ್ಚಿಮದ ಅಂಚಿನ ಒಂದು ಶಿಂಗಲ್ ಹಾರಿ ಅಂಗಳಕ್ಕೆ ಬಿತ್ತು. ಅದರ ಅಕ್ಕಪಕ್ಕದವು ಗಾಳಿ ಬಂದಾಗಲೆಲ್ಲ ಪಟಪಟ ಅನ್ನುತ್ತಿವೆ.

ಗುತ್ತಿಗೆದಾರರು "ಬಿಸಿಲಿಗೆ ಅಂಟು ತಾನಾಗಿಯೇ ಹಿಡಿಯುತ್ತದೆ, ಚಿಂತೆ ಬೇಡ" ಎಂದರು. ನಮ್ಮ ಓಣಿಯ ಗೌಂಡಿಯವರು "ಕಬ್ಬಿಣದ ಪಟ್ಟಿ ತೂರಿಸಿ ನಾಲ್ಕಾರು ಕಡೆ ಎಬ್ಬಿಸಿ ನೋಡೋಣ" ಎನ್ನುತ್ತಿದ್ದಾರೆ. ಹಾಗೆ ಎಬ್ಬಿಸಿದರೆ ಚೆನ್ನಾಗಿರುವುದೂ ಹಾಳಾದೀತು ಅಂತ ನನಗೆ ಭಯ. ಛಾವಣಿಗೆ ಪೆಟ್ಟು ಕೊಡದೆ ಮೊಳೆಗಳ ಸ್ಥಿತಿ ತಿಳಿಯುವ ದಾರಿ ಇದೆಯಾ? ಮಿರಗದ ಮಳೆ ಹಿಡಿಯುವುದರೊಳಗೆ ಒಂದು ನಿರ್ಧಾರಕ್ಕೆ ಬರಬೇಕು.

ಛಾವಣಿ ಕೆಲಸ ಹುಬ್ಬಳ್ಳಿ

ಅಕ್ಕಾವ್ರೇ, ಪಟ್ಟಿ ತೂರಿಸಲು ಯಾರಿಗೂ ಬಿಡಬೇಡಿ.

ಶಿಂಗಲ್ ಅನ್ನು ಹಿಡಿದಿಡುವುದು ಎರಡು. ಒಂದು ಮೊಳೆ. ಇನ್ನೊಂದು ಡಾಂಬರಿನ ಅಂಟಿನ ಪಟ್ಟಿ. ಮೇಲಿನ ಸಾಲಿನ ಕೆಳ ಅಂಚು ಈ ಪಟ್ಟಿಯ ಮೇಲೆ ಕೂತು, ಬಿಸಿಲಿಗೆ ಕೆಳಗಿನ ಸಾಲಿಗೆ ಹಿಡಿದುಕೊಳ್ಳುತ್ತದೆ. ಗಾಳಿ ನುಗ್ಗುವುದು ಕೆಳ ಅಂಚಿನಿಂದ. ಮೊಳೆ ಇರುವುದು ಅದಕ್ಕಿಂತ ಮೇಲೆ. ಅಂಟು ಬಿಟ್ಟ ದಿನದಿಂದ ಆ ಶಿಂಗಲ್ ಗಾಳಿಗೆ ಬಾಗುತ್ತಾ ಏಳುತ್ತಾ ಮೊಳೆಯ ಸುತ್ತ ಹರಿಯಲು ಶುರು ಮಾಡುತ್ತದೆ. ಅಂದರೆ ಗಟ್ಟಿಯಾಗಿ ಹಿಡಿದ ಅಂಟನ್ನು ಬಿಡಿಸಿ ಮೊಳೆ ನೋಡಿದರೆ, ಗಾಳಿ ಮಾಡಬೇಕಾಗಿದ್ದ ಕೆಲಸವನ್ನು ನಾವೇ ಮಾಡಿಕೊಟ್ಟಂತೆ.

ಇನ್ನೊಂದು ವಿಷಯ. ಒಂದು ಶಿಂಗಲ್‌ನ ಮೊಳೆ ಅದರ ಮೇಲಿನ ಸಾಲಿನ ಅಡಿಯಲ್ಲಿ ಅಡಗಿರುತ್ತದೆ. ಸರಿಯಾದ ಗೆರೆಯಲ್ಲಿ ಹೊಡೆದ ಮೊಳೆ ತನ್ನ ಶಿಂಗಲ್ ಜೊತೆಗೆ ಕೆಳಗಿನ ಸಾಲಿನ ಶಿಂಗಲ್‌ನ ತಲೆಯನ್ನೂ, ಅಂದರೆ ಮೇಲಂಚನ್ನೂ, ಹಿಡಿದಿರುತ್ತದೆ. ಹಾಗಾಗಿ ಒಂದನ್ನು ಪೂರ್ತಿ ಬಿಡಿಸಬೇಕು ಎಂದರೆ ಮೇಲಿನ ಎರಡು ಸಾಲುಗಳನ್ನು ಅಲುಗಾಡಿಸಬೇಕು. ನಾಲ್ಕಾರು ಕಡೆ ಎಬ್ಬಿಸಿದರೆ ಎಷ್ಟು ಅಂಟು ಹಾಳಾಗುತ್ತದೆ, ನೀವೇ ಯೋಚಿಸಿ.

ಮೊದಲು ಆ ಬಿದ್ದ ತುಂಡನ್ನು ಎಸೆಯದೇ ಇಟ್ಟಿದ್ದೀರಾ? ಅದೇ ನಿಮ್ಮ ದೊಡ್ಡ ಸಾಕ್ಷಿ.

ಕೆಲಗೇರಿ ದಂಡೆ

ಇಟ್ಟಿದ್ದೇನೆ ಅಣ್ಣಾ. ಒಳಗಡೆ ಶೆಡ್ಡಿನಲ್ಲಿದೆ. ಅದರಲ್ಲಿ ಏನು ನೋಡಬೇಕು?

ಛಾವಣಿ ಕೆಲಸ ಹುಬ್ಬಳ್ಳಿ

ಸಪಾಟಾದ ನೆಲದ ಮೇಲೆ, ನೆರಳಲ್ಲಿ, ಕಲ್ಲಿನ ಕಣಗಳ ಮುಖ ಮೇಲೆ ಮಾಡಿ ಹರಡಿ.

ಎಷ್ಟು ತೂತುಗಳಿವೆ ನೋಡಿ. ಒಂದು ಶಿಂಗಲ್ ಸುಮಾರು ಒಂದು ಮೀಟರ್ ಉದ್ದ. ಅದಕ್ಕೆ ಕನಿಷ್ಠ 4 ಮೊಳೆ ಬೇಕು. ಗಾಳಿ ಜಾಸ್ತಿ ಇರುವ ಕಡೆ 6. ಆಮೇಲೆ ತೂತುಗಳು ಎಲ್ಲಿವೆ ನೋಡಿ. ಹೆಚ್ಚಿನ ಶಿಂಗಲ್ಸ್ ಮೇಲೆ ಮೊಳೆ ಗೆರೆಯನ್ನು ಬಣ್ಣದಲ್ಲೇ ಎಳೆದಿರುತ್ತಾರೆ. ತೂತು ಆ ಗೆರೆಗಿಂತ ಮೇಲಿದ್ದರೆ ಆ ಮೊಳೆ ಕೆಳಗಿನ ಸಾಲಿನ ತಲೆಯನ್ನು ಹಿಡಿದಿರುವುದಿಲ್ಲ. ಎರಡು ಪದರ ಅಂಟಿಸಿದ ಶಿಂಗಲ್ ಆದರೆ ಇನ್ನೂ ಕೆಟ್ಟದ್ದು. ಒಂದೇ ಪದರಕ್ಕೆ ಮೊಳೆ, ಇನ್ನೊಂದು ಪದರ ಬರೀ ಅಂಟಿನ ಮೇಲೆ ನೇತಾಡುತ್ತದೆ.

ಮೂರನೆಯದು ತೂತಿನ ಆಕಾರ. ಇದನ್ನು ಸಮಾಧಾನದಿಂದ ನೋಡಿ. ತೂತು ಉದ್ದಕ್ಕೆ ಹರಿದಿದ್ದರೆ, ಮೊಳೆ ಪ್ಲೈನಲ್ಲೇ ಉಳಿದು ಶಿಂಗಲ್ ಅದರ ತಲೆಯಿಂದ ಜಾರಿ ಬಂದಿದೆ. ತೂತಿನ ಸುತ್ತ ಮೊಳೆ ತಲೆಯಷ್ಟೇ ಅಗಲದ ದುಂಡನೆಯ ಕತ್ತರಿಸಿದ ಗುರುತು ಇದ್ದರೆ, ಹೊಡೆಯುವಾಗಲೇ ತಲೆ ಶಿಂಗಲ್ ಅನ್ನು ಸೀಳಿ ಒಳಗೆ ಹೋಗಿತ್ತು. ಮೊಳೆ ಹೊಡೆಯುವ ಗನ್ನಿನ ಗಾಳಿ ಒತ್ತಡ ಜಾಸ್ತಿ ಇಟ್ಟಾಗ, ಅದರಲ್ಲೂ ಮಧ್ಯಾಹ್ನದ ಬಿಸಿಲಿಗೆ ಶಿಂಗಲ್ ಮೆತ್ತಗಾದಾಗ, ಹೀಗಾಗುತ್ತದೆ. ತೂತು ಚಿಕ್ಕದಾಗಿ ದುಂಡಗೆ ಉಳಿದಿದ್ದು ಮೊಳೆಯೂ ಜೊತೆಗೇ ಕಿತ್ತು ಬಂದಿದ್ದರೆ, ತಪ್ಪು ಪ್ಲೈನಲ್ಲಿದೆ. ಮೊಳೆ ಗಿಡ್ಡ, ಅಥವಾ ಎರಡು ಪ್ಲೈ ಹಲಗೆಗಳ ನಡುವಿನ ಸಂದಿಗೆ ಬಿದ್ದಿದೆ.

ಕೊನೆಗೆ ಹಿಂಬದಿಯ ಕೆಳ ಅಂಚು. ಅಲ್ಲಿ ಅಂಟು ಹಿಡಿದು ಹರಿದ ಗುರುತು ಇದೆಯಾ, ಅಥವಾ ನುಣ್ಣಗೆ ಮಣ್ಣು ಹಿಡಿದಿದೆಯಾ?

ಹಾನಗಲ್ ಬಡಿಗ

ನಮ್ಮ ಕಡೆ ಶಿಂಗಲ್ಸ್ ಕಡಿಮೆ, ಮಂಗಳೂರು ಹೆಂಚೇ ಜಾಸ್ತಿ. ಆದರೂ ಹೇಳುತ್ತೇನೆ, ಯಾವ ಛಾವಣಿಯನ್ನೇ ಆಗಲಿ ಮೊದಲು ಅಡಿಯಿಂದ ನೋಡಬೇಕು. ಹೆಂಚಿನ ಮನೆಯಲ್ಲಿ ಹಾಡಹಗಲು ಒಳಗೆ ಕತ್ತಲು ಮಾಡಿ ನಿಂತರೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಯಾವ ಹೆಂಚು ರೀಪಿನಿಂದ ಜಾರಿದೆ, ಸೂರಿನ ಅಂಚಿನ ಹೆಂಚಿಗೆ ತಂತಿ ಕಟ್ಟಿದ್ದಾರಾ ಇಲ್ಲವಾ, ಎಲ್ಲಾ ಅಲ್ಲಿಂದಲೇ ತಿಳಿಯುತ್ತದೆ. ಮೇಲೆ ಹತ್ತಿದವರು ನೋಡುವುದಕ್ಕಿಂತ ಒಡೆಯುವುದೇ ಹೆಚ್ಚು. ನಿಮ್ಮ ಪ್ಲೈವುಡ್ ಅಡಿಯಲ್ಲಿ ಬರಿದಾಗಿದೆಯಾ, ಫಾಲ್ಸ್ ಸೀಲಿಂಗ್ ಇದೆಯಾ?

ಕೆಲಗೇರಿ ದಂಡೆ

ಫಾಲ್ಸ್ ಸೀಲಿಂಗ್ ಇದೆ ಕಾಕಾ. ಆದರೆ ವೈರಿಂಗ್‌ಗೆ ಅಂತ ಮೂಲೆಯಲ್ಲಿ ಒಂದು ಮುಚ್ಚಳ ಬಿಟ್ಟಿದ್ದಾರೆ, ತಲೆ ಮತ್ತು ಕೈ ತೂರುತ್ತದೆ. ಸೂರು ಗೋಡೆಯಿಂದ ಹೊರಗೆ ಬಂದಿರುವ ಕಡೆ ಪ್ಲೈ ಅಡಿ ಹಾಗೇ ಕಾಣುತ್ತದೆ.

ಛಾವಣಿ ಕೆಲಸ ಹುಬ್ಬಳ್ಳಿ

ಅಷ್ಟು ಸಾಕು. ಬಡಿಗೇರ ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ.

18 ಎಂಎಂ ಪ್ಲೈ ಎಂದಿರಿ. ಈ ದಪ್ಪಕ್ಕೆ ಮೊಳೆ ಹಲಗೆಯನ್ನು ದಾಟಿ ಕೆಳಗೆ ತುದಿ ಕಾಣಿಸಲೇಬೇಕು, ಕನಿಷ್ಠ 3 ಎಂಎಂ ಆದರೂ. ಹಾಗಾಗಿ ಮೇಲೆ ಏನು ನಡೆದಿದೆ ಎಂಬುದರ ನಕಾಶೆ ನಿಮಗೆ ಅಡಿಯಲ್ಲೇ ಸಿಗುತ್ತದೆ.

ಮೊಬೈಲಿನ ಟಾರ್ಚನ್ನು ನೇರವಾಗಿ ಹಿಡಿಯಬೇಡಿ. ಪ್ಲೈಗೆ ಓರೆಯಾಗಿ ಹಿಡಿದರೆ ಪ್ರತಿ ತುದಿಗೂ ನೆರಳು ಬೀಳುತ್ತದೆ, ಎಣಿಸಲು ಸುಲಭ. ಫೋನಿಗೆ ಜೋಡಿಸುವ ಉದ್ದ ವೈರಿನ ಕ್ಯಾಮೆರಾ ಆನ್‌ಲೈನಿನಲ್ಲಿ ಸಿಗುತ್ತದೆ. ಕೈ ಹೋಗದ ಕಡೆ ಅದನ್ನು ತಳ್ಳಿ ನೋಡಬಹುದು.

4 ಮೊಳೆ ಸರಿಯಾಗಿ ಹೊಡೆದಿದ್ದರೆ ಸಾಲು ಹೀಗೆ ಕಾಣುತ್ತದೆ: ಎರಡು ಶಿಂಗಲ್ ಸೇರುವ ಕಡೆ ಒಂದಕ್ಕೊಂದು ಹತ್ತಿರ, ಸುಮಾರು ಎರಡು ಇಂಚು ಅಂತರದಲ್ಲಿ ಒಂದು ಜೋಡಿ. ಆಮೇಲೆ ಸುಮಾರು ಒಂದಡಿಗೆ ಒಂದು, ಮತ್ತೊಂದಡಿಗೆ ಒಂದು, ಮತ್ತೆ ಜೋಡಿ. ಮೇಲಿನ ಸಾಲಿನಲ್ಲಿ ಜೋಡಿ ಪಕ್ಕಕ್ಕೆ ಸರಿದಿರುತ್ತದೆ, ಏಕೆಂದರೆ ಸೇರುವ ಜಾಗ ಒಂದರ ಮೇಲೊಂದು ಬರಬಾರದು. ಸಾಲಿನಿಂದ ಸಾಲಿಗೆ ಐದಾರು ಇಂಚು. ಸಾಲು ದಾರ ಹಿಡಿದಂತೆ ನೆಟ್ಟಗಿದ್ದರೆ ಕೆಲಸಗಾರ ಗೆರೆ ನೋಡಿ ಹೊಡೆದಿದ್ದಾನೆ. ಮೇಲೆ ಕೆಳಗೆ ಓಡಾಡಿದ್ದರೆ ಅಂದಾಜಿಗೆ ಹೊಡೆದಿದ್ದಾನೆ. ತುದಿ ಓರೆಯಾಗಿದ್ದರೆ ಮೇಲೆ ತಲೆಯೂ ಓರೆ. ಓರೆ ತಲೆಯ ಒಂದು ಅಂಚು ಶಿಂಗಲ್ ಅನ್ನು ಕೊಯ್ಯುತ್ತದೆ, ಇನ್ನೊಂದು ಅಂಚು ಎದ್ದು ಮೇಲಿನ ಶಿಂಗಲ್ ಅನ್ನು ತಳ್ಳುತ್ತದೆ.

ಪ್ಲೈ ಮೇಲೆ ಮೊದಲು ಹಾಸಿದ ಫೆಲ್ಟ್‌ನ (ಡಾಂಬರು ಹಾಳೆಯ) ಮೊಳೆಗಳೂ ಅಲ್ಲಲ್ಲಿ ಕಾಣಬಹುದು. ಅವು ಈ ಸಾಲುಗಳಿಗೆ ಹೊಂದುವುದಿಲ್ಲ, ಲೆಕ್ಕಕ್ಕೆ ಹಿಡಿಯಬೇಡಿ.

ಸೂರಿನ ಕಡೆ ಇನ್ನೊಂದು ಅನುಕೂಲ ಇದೆ. ಟೇಪ್ ಹಿಡಿದು ಛಾವಣಿಯ ಅಂಚಿನಿಂದ ಇಳಿಜಾರಿನ ಉದ್ದಕ್ಕೇ ಅಳೆಯಿರಿ. ತೀರಾ ಅಂಚಿಗೆ ಹತ್ತಿರವಿರುವ ಸಾಲು ಅಡಿಪಟ್ಟಿಯ ಮೊಳೆ, ಅಂದರೆ ಮೊದಲ ಸಾಲಿನ ಅಡಿಗೆ ಹಾಕುವ ತುಂಡಿನದ್ದು. ಅದರ ಮೇಲಿನದು ಮೊದಲ ಸಾಲಿನ ಶಿಂಗಲ್‌ನದ್ದು. ಶಿಂಗಲ್ ಅಂಚಿನಿಂದ ಹೊರಗೆ ಎಷ್ಟು ಚಾಚಿದೆಯೋ ಅದನ್ನು ಸೇರಿಸಿ, ಬಿದ್ದ ಶಿಂಗಲ್‌ನ ಕೆಳ ಅಂಚಿನಿಂದ ಮೊಳೆ ಗೆರೆಗೆ ಇರುವ ದೂರದ ಜೊತೆ ಹೋಲಿಸಿ. ಮೇಲೆ ಒಂದು ಬೆರಳೂ ಇಡದೆ ಮೊಳೆ ಗೆರೆಯಲ್ಲಿದೆಯಾ ಇಲ್ಲವಾ ಗೊತ್ತಾಗುತ್ತದೆ. ತೀರಾ ಅಂಚಿನಲ್ಲಿ ತುದಿಗಳೇ ಇಲ್ಲದಿದ್ದರೆ ಅಡಿಪಟ್ಟಿಯನ್ನೇ ಹಾಕಿಲ್ಲ ಎಂಬ ಅನುಮಾನ ಬರಬೇಕು. ಆಗ ಮೊದಲ ಸಾಲಿನ ಕೆಳ ಅಂಚಿಗೆ ಹಿಡಿಯಲು ಅಂಟೇ ಇರುವುದಿಲ್ಲ.

ಬೆಟಗೇರಿ ಮಾಳಿಗೆ

ಒಳ್ಳೆಯ ಮಾಹಿತಿ. ನಮ್ಮದು ಗದಗ-ಬೆಟಗೇರಿ. ಹಳೇ ಮಣ್ಣಿನ ಮಾಳಿಗೆ ತೆಗೆದು ಇಳಿಜಾರು ಆರ್‌ಸಿಸಿ ಹಾಕಿಸಿ, ಅದರ ಮೇಲೆ ಶಿಂಗಲ್ಸ್ ಹಾಕಿಸಿದ್ದೇವೆ. ಅಡಿಯಿಂದ ನೋಡಿದರೆ ಬರೀ ಸ್ಲ್ಯಾಬ್. ನಾವೇನು ಮಾಡಬೇಕು?

ಗದಗ ಸಿವಿಲ್

ಬೆಟಗೇರಿಯವರೇ, ನಿಮಗೆ ಅಡಿಯ ದಾರಿ ಇಲ್ಲ, ನಿಜ. ಕೆಲಸ ನಡೆಯುವಾಗ ತೆಗೆದ ಫೋಟೋ ಇದ್ದರೆ ಹುಡುಕಿ. ಮೊಬೈಲಿನಲ್ಲಿ ಎಲ್ಲೋ ಒಂದೆರಡು ಇದ್ದೇ ಇರುತ್ತವೆ, ದೊಡ್ಡದು ಮಾಡಿ ನೋಡಿದರೆ ಮೊಳೆ ಸಾಲು ಕಾಣುತ್ತದೆ. ಉಳಿದಂತೆ ನಿಮ್ಮಲ್ಲಿ ಅಂಟು ಹಿಡಿದಿದೆಯಾ ಎಂಬುದೇ ಮುಖ್ಯ ಪ್ರಶ್ನೆ.

ಗಾಳಿಯ ಬಗ್ಗೆ ಎರಡು ಮಾತು. ನಮ್ಮ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಗಾಳಿ ಛಾವಣಿಯನ್ನು ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುವುದೇ ಅಪಾಯ. ಆ ಎಳೆತ ಅಂಚು, ಮೂಲೆ ಮತ್ತು ನೆತ್ತಿಯ ಹತ್ತಿರ ಜಾಸ್ತಿ, ನಡುವೆ ಕಡಿಮೆ. ನಮ್ಮ ಗಾಳಿ ಹೊರೆಯ ಸಂಹಿತೆ ಐಎಸ್ 875 ಭಾಗ 3 (2015) ಕೂಡ ಅಂಚು ಮೂಲೆಗಳಿಗೆ ಬೇರೆಯೇ ಲೆಕ್ಕ ಕೊಡುತ್ತದೆ. ಹಾಗಾಗಿ ಇಡೀ ಛಾವಣಿ ತಡಕಾಡಬೇಕಾಗಿಲ್ಲ. ಮೊದಲು ಪಶ್ಚಿಮದ ಅಂಚು, ಮೂಲೆಗಳು, ನೆತ್ತಿ.

ಶಿಂಗಲ್ಸ್ ಮಾರುವವರು ಇಷ್ಟು ಗಾಳಿ ತಡೆಯುತ್ತದೆ ಎಂದು ಬರೆದಿರುತ್ತಾರೆ. ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಡಿ3161 ಪರೀಕ್ಷೆಯ ಎಫ್ ದರ್ಜೆ ಎಂದರೆ ಗಂಟೆಗೆ 110 ಮೈಲಿ, ಅಂದರೆ ಸುಮಾರು 177 ಕಿಮೀ. ಕೇಳಲು ಧೈರ್ಯ ಬರುತ್ತದೆ. ಆದರೆ ಪರೀಕ್ಷೆಯಲ್ಲಿ ಮೊಳೆ ಹೊಡೆದಿದ್ದು ತಯಾರಕರು ಹೇಳಿದ ಹಾಗೆ, ಅಂಟು ಹಿಡಿಸಿದ ಮೇಲೆ. ಮೂರು ಮೊಳೆ ಹೊಡೆದ ಛಾವಣಿಗೆ ಆ ಅಂಕಿ ಅನ್ವಯಿಸುವುದಿಲ್ಲ. ಎಲ್ಲಿ, ಎಷ್ಟು ಮೊಳೆ ಎಂಬುದು ಶಿಂಗಲ್ಸ್ ಕಟ್ಟಿನ ಹೊದಿಕೆಯ ಮೇಲೇ ಚಿತ್ರ ಸಮೇತ ಅಚ್ಚಾಗಿರುತ್ತದೆ. ಉಳಿದ ಕಟ್ಟು ಮನೆಯಲ್ಲಿದ್ದರೆ ಆ ಹೊದಿಕೆ ಜೋಪಾನ.

ನವನಗರ ಅಕ್ಕ

ಅಪ್ಪ ಮೇಲೆ ಹತ್ತದಂತೆ ನೋಡಿಕೊಳ್ಳಿ! ವಯಸ್ಸಾದವರಿಗೆ ತಮ್ಮ ಮನೆ ಎಂದರೆ ಎಲ್ಲಿಲ್ಲದ ಧೈರ್ಯ. ಪಕ್ಕದ ಮನೆಯವರ ಟೆರೇಸಿನಿಂದ ನೋಡಬಹುದು ಅಲ್ವಾ? ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ನೋಡಿದರೆ, ಎದ್ದ ಅಂಚುಗಳ ಅಡಿಯಲ್ಲಿ ಕಪ್ಪು ಗೆರೆಯ ಹಾಗೆ ನೆರಳು ಕಾಣುತ್ತದೆ. ಫೋನ್ ಜೂಮ್ ಮಾಡಿ ಫೋಟೋ ತೆಗೆದರೆ ಸಾಕು. ಮಧ್ಯಾಹ್ನ ನೋಡಿದರೆ ಎಲ್ಲಾ ಸಪಾಟು ಅನಿಸುತ್ತದೆ.

ಯಾರಾದರೂ ಡ್ರೋನ್ ತರುತ್ತೇನೆ ಎಂದರೆ ಮೊದಲು ಸರ್ಕಾರದ ಡ್ರೋನ್ ತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ನೋಡಿಕೊಳ್ಳಿ. ಹುಬ್ಬಳ್ಳಿ ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲೇ ಇರುವುದರಿಂದ ನಮ್ಮ ಕಡೆ ಎಲ್ಲೆಂದರಲ್ಲಿ ಹಾರಿಸುವ ಹಾಗಿಲ್ಲ.

ಗದಗ ಸಿವಿಲ್

ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಗುತ್ತಿಗೆದಾರರ ಜೊತೆ ಮಾತಾಡುವಾಗ "ಅಡಿಯಿಂದ ನೋಡಿದೆವು" ಎಂದರೆ ಅವರು ಒಪ್ಪದೇ ಇರಬಹುದು. ಒಂದು ಜಾಗವನ್ನಾದರೂ ಬಿಚ್ಚಿ, ಅವರ ಎದುರಿಗೇ ತೋರಿಸುವುದು ಒಳ್ಳೆಯದಲ್ಲವೇ? ಬೆಳಗಿನ ತಂಪಿನಲ್ಲಿ, ಪುಟ್ಟಿ ಎಳೆಯುವ ತೆಳು ಅಲಗನ್ನು ಅಂಟಿನ ಉದ್ದಕ್ಕೆ ಅಡ್ಡಡ್ಡ ಸರಿಸಿದರೆ, ಮೇಲಕ್ಕೆ ಮೀಟದೇ ಇದ್ದರೆ, ಶಿಂಗಲ್ ಉಳಿಯುತ್ತದೆ. ತಂಪಿನಲ್ಲಿ ಅಂಟು ಜಿಗುಟಾಗಿ ಎಳೆಯುವುದಿಲ್ಲ, ಬಿಡುತ್ತದೆ.

ಛಾವಣಿ ಕೆಲಸ ಹುಬ್ಬಳ್ಳಿ

ಸರ್, ನೀವು ಹೇಳಿದ ವಿಧಾನ ಸರಿಯಾದದ್ದೇ. ದುರಸ್ತಿಗೆ ಬಿಡಿಸುವಾಗ ನಾವೂ ಹಾಗೇ ಮಾಡುತ್ತೇವೆ. ಆದರೆ ಈ ಮನೆಯಲ್ಲಿ ಅದರ ಅಗತ್ಯವೇ ಇಲ್ಲ. ಗಾಳಿ ಈಗಾಗಲೇ ಒಂದು ಕಿಟಕಿ ತೆರೆದು ಕೊಟ್ಟಿದೆ. ಶಿಂಗಲ್ ಹಾರಿದ ಜಾಗದಲ್ಲಿ ಅದರ ಕೆಳಗಿನ ಸಾಲಿನ ಮೊಳೆಗಳು ಬಯಲಿಗೆ ಬಿದ್ದಿರುತ್ತವೆ. ಪಟಪಟ ಅನ್ನುವ ಶಿಂಗಲ್‌ಗಳು ಅಂಟು ಬಿಟ್ಟವು. ಅವುಗಳನ್ನು ಎರಡು ಬೆರಳು ತೂರುವಷ್ಟೇ ಎತ್ತಿದರೆ ಅಡಿಯ ಸಾಲಿನ ಮೊಳೆ ತಲೆಗಳು ಕಾಣುತ್ತವೆ. ಗುತ್ತಿಗೆದಾರರನ್ನು ಕರೆದು ಅಲ್ಲೇ ತೋರಿಸಲಿ. ಚೆನ್ನಾಗಿ ಹಿಡಿದಿರುವುದನ್ನು ಮುಟ್ಟುವುದು ಯಾಕೆ?

ಅಕ್ಕಾವ್ರೇ, ಅದನ್ನು ಮಾಡುವ ಕ್ರಮ ಹೇಳುತ್ತೇನೆ. ಸೊಂಟಕ್ಕಲ್ಲ, ಇಡೀ ಮೈಗೆ ಹಾಕುವ ಬೆಲ್ಟ್ ಇರುವ ಕೆಲಸಗಾರನೇ ಹತ್ತಲಿ. ನಿಚ್ಚಣಿಕೆ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಗೆ ಇರಬೇಕು, ಸೂರಿಗಿಂತ ಮೂರು ಅಡಿ ಮೇಲೆ ಚಾಚಿರಬೇಕು, ಅದರ ಮೇಲ್ತುದಿಯನ್ನು ಕಟ್ಟಿರಬೇಕು. ಹೊತ್ತು ಏರುವ ಮೊದಲೇ ಕೆಲಸ ಮುಗಿಯಬೇಕು. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಡಾಂಬರು ಮೆತ್ತಗಾಗಿ, ಕಾಲಿಟ್ಟ ಕಡೆ ಮೇಲಿನ ಕಲ್ಲಿನ ಕಣ ಉದುರುತ್ತದೆ. ಆ ಕಣವೇ ಬಿಸಿಲಿನಿಂದ ಡಾಂಬರನ್ನು ಕಾಪಾಡುವುದು. ಚಳಿಗಾಲದ ಬೆಳಗಾದರೆ ಬೇರೆ ತೊಂದರೆ, ಆಗ ಶಿಂಗಲ್ ಬಿರುಸಾಗಿರುತ್ತದೆ, ಬಗ್ಗಿಸಿದರೆ ಸೀಳುತ್ತದೆ.

ಕೆಳ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಎತ್ತಿ ನೋಡಬೇಕು. ತಡೆ ಸಿಕ್ಕಿತಾ, ಬಿಟ್ಟುಬಿಡಿ, ಅದು ಹಿಡಿದಿದೆ. ತಡೆ ಇಲ್ಲದೆ ಎದ್ದರೆ ಮಾತ್ರ ಅಡಿಗೆ ಟಾರ್ಚ್ ಬಿಟ್ಟು, ಫೋನನ್ನು ಅಂಚಿಗೆ ತಾಗಿಸಿ ಫೋಟೋ ತೆಗೆಯಿರಿ. ಹಿಂದಕ್ಕೆ ಮಡಚಲೇಬಾರದು. ಮಡಚಿದ ಕಡೆ ಒಳಗಿನ ಗಾಜಿನ ನಾರು ಮುರಿಯುತ್ತದೆ. ಮೇಲಿಂದ ಗೆರೆ ಕಾಣದಿದ್ದರೂ ಒಂದೆರಡು ಮಳೆಗಾಲ ಕಳೆಯುವುದರಲ್ಲಿ ಅಲ್ಲೇ ಬಿರುಕು ಬಿಡುತ್ತದೆ.

ಕೆಲಗೇರಿ ದಂಡೆ

ನೋಡಿದೆವು. ಬರೆಯುತ್ತೇನೆ.

ಬಿದ್ದ ಶಿಂಗಲ್‌ನಲ್ಲಿ ಮೂರೇ ತೂತು. ಮೂರೂ ಗೆರೆಗಿಂತ ಎರಡು ಬೆರಳು ಮೇಲೆ. ಎರಡು ಉದ್ದಕ್ಕೆ ಹರಿದಿವೆ. ಕೆಳ ಅಂಚಿನ ಹಿಂಬದಿಯಲ್ಲಿ ಅಂಟು ಹರಿದ ಗುರುತೇ ಇಲ್ಲ, ಕೆಂಪು ಧೂಳು ಮೆತ್ತಿಕೊಂಡಿದೆ.

ಅಡಿಯಿಂದ ನೋಡಿದಾಗ ಪೂರ್ವದ ಇಳಿಜಾರಿನಲ್ಲಿ ಸಾಲುಗಳು ನೆಟ್ಟಗಿವೆ. ಅಣ್ಣ ಹೇಳಿದ ಜೋಡಿಯೂ ಕಾಣುತ್ತದೆ, ನಡುವಿನ ಎರಡೂ ಇವೆ. ಪಶ್ಚಿಮದ ಕಡೆ ಜೋಡಿಗಳ ನಡುವೆ ಒಂದೇ ತುದಿ, ಸಾಲು ಹಾವಿನ ಹಾಗೆ ಓಡಾಡಿದೆ. ಪ್ಲೈ ಸೇರುವ ಸಂದಿಯಲ್ಲಿ ಕೆಲವು ಮೊಳೆಗಳು ಏನನ್ನೂ ಹಿಡಿಯದೆ ನೇತಾಡುತ್ತಿವೆ. ಅಂಚಿನ ಅಡಿಪಟ್ಟಿಯ ಸಾಲು ಎರಡೂ ಕಡೆ ಇದೆ. ಎರಡು ಇಳಿಜಾರುಗಳನ್ನು ಬೇರೆ ಬೇರೆ ಕೈ ಮಾಡಿದಂತಿದೆ.

ಫೋಟೋಗಳನ್ನು ತೋರಿಸಿದ ಮೇಲೆ ಗುತ್ತಿಗೆದಾರರು ಬರಲು ಒಪ್ಪಿದ್ದಾರೆ. ಪೂರ್ತಿ ಪಶ್ಚಿಮದ ಇಳಿಜಾರನ್ನು ಕಿತ್ತು ಹೊಸದಾಗಿ ಹಾಕಿ ಎನ್ನಬೇಕಾ, ಅಥವಾ ಇರುವುದನ್ನೇ ಸರಿಮಾಡಬಹುದಾ?

ಛಾವಣಿ ಕೆಲಸ ಹುಬ್ಬಳ್ಳಿ

ಕೆಂಪು ಧೂಳು ಎಂದಿರಲ್ಲ, ಅಂಟು ಹಿಡಿಯದಿದ್ದಕ್ಕೆ ಅದೇ ಕಾರಣ. ಒಂದು ಪೂರ್ತಿ ಬೇಸಿಗೆ ಕಳೆದರೂ ಹಿಡಿಯದ ಅಂಟು ಇನ್ನು ಬಿಸಿಲಿಗೆ ತಾನಾಗಿಯೇ ಹಿಡಿಯುವುದಿಲ್ಲ. ಇದನ್ನು ಗುತ್ತಿಗೆದಾರರಿಗೆ ನೇರವಾಗಿ ಹೇಳಿ.

ಪಶ್ಚಿಮದ ಇಳಿಜಾರಿನಲ್ಲಿ ಅಂಟು ಬಿಟ್ಟಿರುವ ಕಡೆ ಹೊಸ ಮೊಳೆ ಸೇರಿಸಬಹುದು. ಹೇಗಿದ್ದರೂ ಅವು ಎತ್ತಿದರೆ ಏಳುತ್ತವೆ, ಹೊಸ ಪೆಟ್ಟು ಬೀಳುವುದಿಲ್ಲ. ಗೆರೆಯ ಮೇಲೇ, ಹಳೆ ತೂತಿನಿಂದ ಸ್ವಲ್ಪ ಪಕ್ಕಕ್ಕೆ, ತಲೆ ಶಿಂಗಲ್‌ಗೆ ಸಮನಾಗಿ ಕೂರುವಂತೆ. ಒಳಗೆ ಸೀಳಿ ಹೋದ ಮೊಳೆ ಮತ್ತು ಖಾಲಿ ತೂತುಗಳಿಗೆ ಡಾಂಬರಿನ ಪೇಸ್ಟ್ ಮುಚ್ಚಬೇಕು. ಎದ್ದು ನಿಂತ ತಲೆಯನ್ನು ಬಡಿದು ಕೂರಿಸಬೇಕು. ಪ್ಲೈ ಸಂದಿಗೆ ಬಿದ್ದ ಮೊಳೆ ತೆಗೆದು, ಗಟ್ಟಿ ಹಲಗೆ ಸಿಗುವ ಕಡೆ ಇನ್ನೊಂದು. ಹರಿದ ಶಿಂಗಲ್ ಮಾತ್ರ ಬದಲಾಯಿಸಿ. ಈ ಅಂಚಿಗೆ ನಾಲ್ಕಲ್ಲ, ಆರು ಮೊಳೆ ಕೇಳಿ.

ಮೊಳೆ ಜಿಐ (ಸತುವಿನ ಲೇಪದ ಕಬ್ಬಿಣ) ಇರಲಿ, ತಲೆಯ ಅಗಲ ಕನಿಷ್ಠ 9.5 ಎಂಎಂ. ಉದ್ದ, ಪ್ಲೈ ದಾಟಿ ತುದಿ ಕಾಣುವಷ್ಟು. ಸ್ಟೇಪಲ್ ಪಿನ್ ಹೊಡೆಯುತ್ತೇನೆ ಎಂದರೆ ಬೇಡ ಎನ್ನಿ.

ಆಮೇಲೆ ಧೂಳು ಒರೆಸಿ, ಪ್ರತಿ ಶಿಂಗಲ್‌ನ ಕೆಳ ಅಂಚಿನ ಅಡಿಗೆ ಡಾಂಬರಿನ ಪೇಸ್ಟ್ ಇಡಬೇಕು. ಹತ್ತು ರೂಪಾಯಿ ನಾಣ್ಯದಷ್ಟು ಅಗಲ, ಶಿಂಗಲ್‌ಗೆ ನಾಲ್ಕು ಕಡೆ, ಅಂಚಿನಿಂದ ಒಂದೆರಡು ಇಂಚು ಒಳಗೆ. ಇಟ್ಟು ಕೈಯಿಂದ ಒತ್ತಿದರೆ ಆಯಿತು. ಗಟ್ಟಿಯಾಗಲಿ ಅಂತ ಜಾಸ್ತಿ ಬಳಿಯಲು ಬಿಡಬೇಡಿ, ಜಾಸ್ತಿಯಾದರೆ ಶಿಂಗಲ್ ಗುಳ್ಳೆ ಏಳುತ್ತದೆ. ಒಣಗಿದ ದಿನವೇ ಮಾಡಿಸಿ, ಹಿಂದಿನ ರಾತ್ರಿ ಅಡ್ಡಮಳೆ ಬಿದ್ದಿದ್ದರೆ ಮುಂದೂಡಿ.

ಪೂರ್ವದ ಇಳಿಜಾರಿಗೆ ಯಾರೂ ಕೈ ಹಚ್ಚುವುದು ಬೇಡ.

ಗದಗ ಸಿವಿಲ್

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಒಂದು ಸೇರಿಸುತ್ತೇನೆ. ಈ ಸಲ ಪ್ರತಿ ಸಾಲಿಗೆ ಮೊಳೆ ಹೊಡೆದ ಮೇಲೆ, ಮೇಲಿನ ಶಿಂಗಲ್ ಒತ್ತುವ ಮೊದಲು, ಫೋಟೋ ತೆಗೆಯಲು ಹೇಳಿ. ಪಕ್ಕದಲ್ಲಿ ಟೇಪ್ ಇಟ್ಟು ತೆಗೆದರೆ ಇನ್ನೂ ಒಳ್ಳೆಯದು. ಹಣದ ಕೊನೆಯ ಕಂತು ಆ ಫೋಟೋಗಳು ಕೈ ಸೇರಿದ ಮೇಲೆ. ಮೊದಲೇ ಮಾತಾಡಿಕೊಂಡರೆ ಯಾರಿಗೂ ಬೇಸರ ಇರುವುದಿಲ್ಲ.

ಕೆಲಗೇರಿ ದಂಡೆ

ಹಾಗೇ ಮಾಡುತ್ತೇವೆ ಸರ್. ಅಣ್ಣಾ, ಕೊನೆಯದೊಂದು. ನೆತ್ತಿಯ ಮೇಲೆ ಮಡಚಿ ಹಾಕಿದ ತುಂಡುಗಳನ್ನು ಹೇಗೆ ನೋಡುವುದು? ಪಕ್ಕದ ಟೆರೇಸಿನಿಂದ ತುದಿಯ ತುಂಡಿನಲ್ಲಿ ಮೊಳೆ ತಲೆ ಹೊಳೆಯುವುದು ಕಾಣುತ್ತದೆ.

ಛಾವಣಿ ಕೆಲಸ ಹುಬ್ಬಳ್ಳಿ

ತುದಿಯ ತುಂಡಿನ ಮೊಳೆ ಕಾಣುವುದು ಸಹಜ, ಅದನ್ನು ಮುಚ್ಚಲು ಮುಂದೆ ತುಂಡು ಇರುವುದಿಲ್ಲ. ಆದರೆ ಅದರ ತಲೆ ಬರಿದಾಗಿ ಹೊಳೆಯಬಾರದು, ಮೇಲೆ ಡಾಂಬರಿನ ಪೇಸ್ಟ್ ಇರಬೇಕು. ಉಳಿದ ಪ್ರತಿ ತುಂಡಿಗೂ ಎರಡೂ ಮಗ್ಗುಲಿಗೆ ಒಂದೊಂದು ಮೊಳೆ ಇದ್ದು, ಮುಂದಿನ ತುಂಡಿನ ಅಡಿ ಮುಚ್ಚಿರಬೇಕು. ಬೇರೆ ಎಲ್ಲಾದರೂ ತಲೆ ಹೊಳೆಯುವುದು ಕಂಡರೆ ಅದು ತಪ್ಪಾಗಿ ಬಿದ್ದ ಮೊಳೆ. ನೆತ್ತಿಯಲ್ಲಿ ಪದರ ಜಾಸ್ತಿ ಇರುವುದರಿಂದ ಅಲ್ಲಿಗೆ ಉದ್ದದ ಮೊಳೆ ಬೇಕು. ಒಳಗಿಂದ ನೆತ್ತಿಯ ಎರಡೂ ಬದಿ ಟಾರ್ಚ್ ಬಿಟ್ಟು ತುದಿ ಹೊರಬಂದಿದೆಯಾ ನೋಡಿ. ಇಳಿಜಾರಿಗೆ ಬಳಸಿದ ಅದೇ ಗಿಡ್ಡ ಮೊಳೆಯನ್ನೇ ಅಲ್ಲೂ ಬಳಸಿದ್ದರೆ ತುದಿ ಕಾಣುವುದಿಲ್ಲ. ಹಾಗಿದ್ದರೆ ನೆತ್ತಿಯನ್ನೂ ಇದೇ ಕೆಲಸದಲ್ಲಿ ಸೇರಿಸಿಕೊಳ್ಳಿ.